ಕಣ್ಣು ಬರೆಯೋ ಕೈ

ಕೊಪ್ಪಳದ ಹತ್ತಿರ ಕಿನ್ನಾಳ ಅಂತ ಒಂದು ಊರು ಅದ. ನಮ್ಮ ಭಜನಿ ಮ್ಯಾಳದ ಏಳು ಮಂದಿ ಹಂಪಿ ನೋಡಿ ತಿರುಗಿ ಬರೋವಾಗ ಆ ಊರಿಗೆ ಹೋಗಿದ್ದೆವು. ಅಲ್ಲಿ ಚಿತ್ರಗಾರ ಮನೆತನದವರು ಕಟ್ಟಿಗಿ ಗೊಂಬಿ ಮಾಡ್ತಾರ. ಗೌರಿ, ಗಣಪತಿ, ಗರುಡ, ಹಣಮಂತ, ಕುದುರಿ, ತೊಟ್ಟಿಲ, ಕಡೀಕ ಬಾಳಿಹಣ್ಣು-ಬದನಿಕಾಯಿ ಸುದ್ದಾ ಕಟ್ಟಿಗಿದೇ. ಒಂದು ಮನಿ ಪಡಸಾಲಿಯೊಳಗ ನಾವು ನಿಂತಾಗ ಒಬ್ಬ ಮುದುಕ ತೊಡಿ ಮ್ಯಾಲ ದೇವಿ ಮೂರ್ತಿ ಇಟ್ಟುಕೊಂಡು ಕಣ್ಣು ಬರೆಯಾಕತ್ತಿದ್ದ. ಮೂರ್ತಿ ಎಲ್ಲಾ ಮುಗಿದಿತ್ತು. ಸೀರಿ ಅಂಚು, ಮೂಗುತಿ, ಕುಂಕುಮ, ಬಳಿ, ಎಲ್ಲಾ. ಕಣ್ಣು ಎರಡೇ ಬಾಕಿ. ಮನಿ ಮಂದಿ ಎಲ್ಲಾ ಸುಮ್ಮನಿದ್ದರು, ನಮ್ಮ ಪೇಟಿ ಬಾರಿಸೋ ಮಾಮಾ ಕೆಮ್ಮು ಬಂದು ಹೊರಗ ಹೋದ.

ಬಾಜೂಕ ಒಬ್ಬ ಹುಡುಗ ಕುಂತು ಇನ್ನೊಂದು ಗೊಂಬಿ ತಿಕ್ಕಿ ನುಣುಪು ಮಾಡ್ತಿದ್ದ. "ನೀ ಯಾವಾಗ ಕಣ್ಣು ಬರೀತಿ?" ಅಂತ ಕೇಳಿದೆ. ಅವ ನಕ್ಕ. "ಅಜ್ಜ ಇರೋತನಾ ಕಣ್ಣು ಅಜ್ಜಂದೇ" ಅಂದ. ಮುದುಕ ತಲಿ ಎತ್ತಲಿಲ್ಲ. ಆದ್ರ ಕೇಳಿಸಿಕೊಂಡಿರಬೇಕು, ಮೂರ್ತಿ ಕೆಳಗ ಇಟ್ಟ ಮ್ಯಾಲ ಅಂದ: "ಕಟ್ಟಿಗಿ ಕೆಟ್ರ ಕಟ್ಟಿಗಿ ಅದ. ಕಣ್ಣು ಕೆಟ್ರ ಎಲ್ಲಾ ಕೆಡ್ತದ."

ಆ ಮಾತು ನನ್ನ ಜೋಡಿ ಲೋಹಾರಾ ತನಾ ಬಂತು. ಈ ಲೇಖನ ಅದರ ಮ್ಯಾಲೇ.

ಮೊದಲು ಆ ಕೆಲಸ ಹ್ಯಾಂಗ ಆಗ್ತದ ಹೇಳ್ತೀನಿ, ಯಾಕಂದ್ರ ಅದು ತಿಳಿದರೇನೇ ಮುಂದಿನ ಮಾತು ತಿಳೀತದ. ಹಗುರು ಕಟ್ಟಿಗಿ ತರ್ತಾರ, ಅದಕ್ಕ ಅವರು ಪೊಳಕಿ ಅಂತಾರ. ಕೆತ್ತಿ ಆಕಾರ ಮಾಡಿ ಕೈ, ಕಾಲು, ತಲಿ ಬ್ಯಾರೆ ಬ್ಯಾರೆ ಕೂಡಸ್ತಾರ. ಸಂದು ಮುಚ್ಚಾಕ ಒಂದು ಲೇಪ ಅದ, ಹೆಸರು ಕಿಟ್ಟ. ಹಳೀ ಸೆಣಬಿನ ಗೋಣಿ ಚಿಂದಿ ನೆನಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗಿ ಹೊಟ್ಟು ಕಲಸಿ, ಹುಣಸಿ ಬೀಜದ ಅಂಟಿನಾಗ ನಾದಿದರ ಕಿಟ್ಟ ಆಗ್ತದ. ಅದರ ಮ್ಯಾಲ ಅರಿವಿ ಚೂರು ಅಂಟಿಸಿ, ಕಲ್ಲಿನ ಪುಡಿಯನ್ನು ಗೋಂದಿನಾಗ ಕಲಸಿ ಬಳೀತಾರ. ಮೈ ಮ್ಯಾಲಿನ ಉಬ್ಬು ಒಡವಿನೂ ಅದೇ ಪುಡೀದು. ಆಮ್ಯಾಲ ಬಣ್ಣ. ಕಣ್ಣು ಕಡೀಕ. ನಮ್ಮ ಮನೀ ಗೋಣಿ ಚೀಲ ಇಲಿ ಕಡದ್ರ ನಾವು ತಿಪ್ಪಿಗೆ ಒಗಿತೀವಿ, ಹುಣಸಿ ಬೀಜ ಹುಡುಗ್ರ ಚೌಕಾಬಾರಕ್ಕ ಹೋಗ್ತಾವ. ಅವರು ಅದರಾಗೇ ದೇವರ ಮೈ ಕಟ್ಟತಾರ.

ನಾವು ನೋಡಿದ ಮನಿಯಾಗ ಕಿಟ್ಟ ನಾದವರು ಹೆಣ್ಣುಮಕ್ಕಳು. ಬಣ್ಣದ ಮೊದಲ ಕೈನೂ ಅವರದೇ. ಒಬ್ಬಾಕೆ ಬೆರಳಿಂದ ಅಂಟು ಮುಟ್ಟಿ "ಇನ್ನಾ ಆಗಿಲ್ಲ" ಅಂತ ತಿರುಗಿ ಒಲಿ ಮ್ಯಾಲ ಇಟ್ಟಳು. ಎಷ್ಟು ಕುದಿಬೇಕು ಅನ್ನೋದು ಯಾವ ಪುಸ್ತಕದಾಗೂ ಇಲ್ಲ, ಆಕೀ ಬೆರಳಿನಾಗ ಅದ. ಆದರ ಇದು ಯಾರು ಮಾಡಿದ್ದು ಅಂತ ಕೇಳಿದರ ಮನಿ ಗಂಡಸರ ಹೆಸರೇ ಹೇಳತಾರ. ಇದನ್ನ ನೆನಪಿನಾಗ ಇಡ್ರಿ, ಮುಂದ ಬರ್ತೀನಿ.

ಕಿನ್ನಾಳ ನಮಗ ದೂರದ ಊರಲ್ಲ. ಕೊಪ್ಪಳ, ಉಸ್ಮಾನಾಬಾದ ಎರಡೂ ನಿಜಾಮನ ಸೀಮಿಯೊಳಗೇ ಇದ್ದವು. 1948ರ ಸೆಪ್ಟೆಂಬರದಾಗ ಎರಡಕ್ಕೂ ಕೂಡೇ ಬಿಡುಗಡಿ ಆತು, 1956ರ ನವೆಂಬರ 1ಕ್ಕ ಅವರು ಮೈಸೂರಿಗೆ ಹೋದರು, ನಾವು ಮುಂಬಯಿ ಪ್ರಾಂತಕ್ಕ ಬಂದೆವು. ಹಂಪಿ ವಿರೂಪಾಕ್ಷ ಗುಡಿ ಮಾಳಿಗಿಯಾಗ ಬಣ್ಣದ ಚಿತ್ರ ಅವ ಅಲ್ಲ, ಅವನ್ನ ಬರೆದವರು ತಮ್ಮ ಹಿರ್ಯಾರು ಅಂತ ಕಿನ್ನಾಳದವರು ಹೇಳಿಕೊಳ್ತಾರ. 1565ರಾಗ ವಿಜಯನಗರ ಬಿತ್ತು. ಅರಸರು ಹೋದ ಮ್ಯಾಲೂ ಚಿತ್ರಗಾರ ಉಳಿದ. ಯಾಕ ಉಳಿದ ಅಂದ್ರ ಊರೂರ ದ್ಯಾಮವ್ವ-ದುರಗವ್ವಗ ಬಣ್ಣ ಬೇಕಿತ್ತು, ಗುಡಿಗೆ ವಾಹನ ಬೇಕಿತ್ತು, ಬಾಣಂತಿ ಮನಿಗೆ ತೊಟ್ಟಿಲ ಬೇಕಿತ್ತು. ಅರಸನ ಕೆಲಸಕ್ಕಿಂತ ಊರ ಕೆಲಸ ಗಟ್ಟಿ.

ಈಗ ಟೀಕಿ ಮಾಡೂದಾದ್ರ ಒಂದು ಮಾತು ಖರೇ ಹೇಳಬೇಕು. ಆ ಮನಿಯಾಗ ಒಂದು ಹಳೀ ಗರುಡ ಇತ್ತು, ಬಣ್ಣ ಹಾರಿತ್ತು, ಮೂಗಿನ ತುದಿ ಮುರಿದಿತ್ತು. ಅದರ ಎದುರು ಹೊಸ ಗರುಡ ಆರು, ಪ್ರದರ್ಶನಕ್ಕ ಹೋಗೂವು, ಮಿರಿಮಿರಿ ಮಿಂಚತಿದ್ದವು. ಹಳೇದರ ಎಡಗಣ್ಣು ಬಲಗಣ್ಣಿಗಿಂತ ಎಳ್ಳಷ್ಟು ಕೆಳಗ ಇತ್ತು. ಅದಕ್ಕ ಅದು ಕೆಳಗ ನಿಂತ ಭಕ್ತನ್ನ ನೋಡಿದಂಗ ಕಾಣ್ತಿತ್ತು. ಹೊಸಾವರ ಕಣ್ಣು ಸರಿಸಮ, ದುಂಡಗ, ಆರಕ್ಕೂ ಒಂದೇ. ಅವು ಯಾರನ್ನೂ ನೋಡತಿದ್ದಿಲ್ಲ. ಕೈ ಕಚ್ಚಾ ಅಂತ ನಾನು ಅನ್ನೂದಿಲ್ಲ, ಗೆರಿ ಹಳೇದಕ್ಕಿಂತ ಸ್ವಚ್ಛ ಅದ. ಹಳೀ ಗರುಡ ಮಾಡಿದವಗ ಅದು ಯಾವ ಗುಡಿಗೆ ಹೋಗ್ತದ, ಎಷ್ಟು ಎತ್ತರದಾಗ ಕೂಡತದ ಗೊತ್ತಿತ್ತು. ಹೊಸಾವು ಎಲ್ಲಿಗೆ ಹೋಗ್ತಾವ ಮಾಡಿದವಗ ಗೊತ್ತಿಲ್ಲ. ಬೆಂಗಳೂರಿನ ಯಾವುದೋ ಮನಿ ಟೀವಿ ಮ್ಯಾಲ ಕೂಡಬಹುದು. ಅಪ್ಪ ಮಗನಿಗೆ ಗೆರಿ ಕೊಡಬಲ್ಲ, ಗುಡಿ ಹ್ಯಾಂಗ ಕೊಟ್ಟಾನು?

ಇದೇ ವಿಚಾರದಾಗ ಇದ್ದಾಗ ನಮ್ಮ ವಾಚನಾಲಯಕ್ಕ ನಿವೃತ್ತ ಮಾಸ್ತರರೊಬ್ಬರು ಜಪಾನದ ಚಿತ್ರದ ದೊಡ್ಡ ಪುಸ್ತಕ ತಂದರು. ಇಂಗ್ಲೀಷಿಂದು. ಒಂದು ತಿಂಗಳು ಸಂಜೀಕ ಕುಂತು ನನಗ ಕನ್ನಡದಾಗ ಹೇಳಿದರು. ಅದರಾಗ ಕಾನೊ ಅನ್ನೋ ಒಂದು ಮನೆತನದ ಕಥಿ ಅದ. ನಮ್ಮಲ್ಲಿ ವಿಜಯನಗರ ಇದ್ದ ಕಾಲಕ್ಕ, 15ನೇ ಶತಮಾನದಾಗ, ಮಸನೊಬು ಅನ್ನವ ಶುರು ಮಾಡಿದ. ಅವನ ಮಗ ಮೊತೊನೊಬು ಮನಿಯನ್ನೇ ಒಂದು ಕಾರಖಾನಿ ಮಾಡಿದ. ಹಿರ್ಯಾ ಮುಖ್ಯ ಗೆರಿ ಎಳೀಬೇಕು, ಶಿಷ್ಯರು ತುಂಬಬೇಕು. ಮಾದರಿ ಚಿತ್ರದ ಕಟ್ಟು ಇಟ್ಟು ಹುಡುಗರು ವರ್ಷಗಟ್ಟಲೆ ಅವನ್ನೇ ನೋಡಿ ತೀಡಬೇಕು. ಹಿಂಗ ಅಪ್ಪ-ಮಗ-ಮೊಮ್ಮಗ ಅಂತ ಸುಮಾರು 400 ವರ್ಷ ಆ ಮನಿ ನಡೀತು. ಜಗತ್ತಿನಾಗ ಇಷ್ಟು ದಿನ ನಡೆದ ಚಿತ್ರಗಾರರ ಮನಿ ಕಡಿಮಿ ಅಂದರು ಮಾಸ್ತರು.

ನಾ ಕೇಳಿದೆ, 400 ವರ್ಷ ಎಲ್ಲರ ಹೊಟ್ಟಿಯಾಗೂ ಚಿತ್ರಗಾರನೇ ಹುಟ್ಟಿದನೇನ್ರಿ? ನಮ್ಮೂರಾಗ ಮೂರು ಪೀಳಿಗಿ ನೆಟ್ಟಗ ನೇಗಿಲಾ ಹೊಡೆಯಂಗಿಲ್ಲ!

ಉತ್ತರ ಮಜಾ ಅದ. ದೊರಿ ಕೊಡೋ ಪಗಾರ, ಮನಿ, ಮಾನ ಎಲ್ಲಾ ಮನೆತನದ ಹೆಸರಿಗೆ ಇತ್ತು. ಹೆಸರಿಗೆ ವಾರಸದಾರ ಬೇಕೇ ಬೇಕು. ಹೊಟ್ಟಿಯಾಗ ಹುಟ್ಟದಿದ್ರ ಹೊರಗಿಂದ ತಂದರು. ಸನ್ರಾಕು (1559–1635) ಅನ್ನವ ಒಬ್ಬ ಸಿಪಾಯಿ ಮನಿ ಮಗ, ಕಾನೊ ಹಿರ್ಯಾ ಅವನ ಕೈ ನೋಡಿ ದತ್ತಕ ತಗೊಂಡ. ಆ ಸನ್ರಾಕು ಮುಂದ ತನ್ನ ಶಿಷ್ಯ ಸನ್ಸೆತ್ಸುಗ ಮಗಳನ್ನ ಕೊಟ್ಟು ಮನಿ ಅಳಿಯನ್ನ ಮಾಡಿಕೊಂಡು ಹೆಸರು ಕೊಟ್ಟ. ಇಬ್ಬರೂ ಆ ಮನಿಯ ದೊಡ್ಡ ಚಿತ್ರಗಾರರೊಳಗ ಎಣಿಸಿಕೊಳ್ಳವರು. ಹೊರಗ ರಕ್ತದ ಲೆಕ್ಕ, ಒಳಗ ಕೈ ಲೆಕ್ಕ. ನಮಗ ಇದು ಹೊಸಾದಲ್ಲ. ಇಲ್ಲೇ ಬಸವಕಲ್ಯಾಣದಾಗ ಶೂನ್ಯ ಸಿಂಹಾಸನಕ್ಕ ಮದ್ದಳಿ ಬಾರಿಸೋ ಅಲ್ಲಮನ್ನ ಕೂಡಿಸಿದರು ಅಂತ ಶರಣರ ಕಥಿ ಹೇಳ್ತಾವ, ಅಲ್ಲಿ ಯಾರೂ ಅವನ ಅಪ್ಪನ್ನ ಕೇಳಲಿಲ್ಲ.

1868ರಾಗ ಆ ದೊರಿ ಮನಿ ಬಿತ್ತು, ಪಗಾರ ನಿಂತಿತು. ಕಾನೊ ಹೊಗಾಯ್ (1828–1888) ಅನ್ನವ ಹೊಟ್ಟಿಗಾಗಿ ಕೈಗೆ ಸಿಕ್ಕ ಕೆಲಸ ಮಾಡಿದ. ಅವನ ಕಡೀ ಚಿತ್ರ ಮುಗಿಯೋ ಮೊದಲೇ ಸತ್ತ, ಜೋಡಿ ಕಲಿತ ಗೆಳೆಯ ಗಾಹೊ ಅದನ್ನ ಪೂರಾ ಮಾಡಿದ. ಮಗ ಅಲ್ಲ, ಗೆಳೆಯ.

ಆ ಮನಿಯ ಯಸುನೊಬು ಅನ್ನವ 1680ರಾಗ ಚಿತ್ರದ ಗುಟ್ಟಿನ ಮ್ಯಾಲ ಒಂದು ಪುಸ್ತಕ ಬರೆದ. ಅವನೂ ದತ್ತಕ ಹೋದವನೇ, ಹಿರೀ ಮನಿಯಾಗ ಮಕ್ಕಳಿಲ್ಲದ್ದಕ್ಕ ಅಲ್ಲಿ ಕೂತವ. ಅವನ ಮಾತಿನ ಸಾರ ಇಷ್ಟು: ಚಿತ್ರ ಎರಡು ತರಾ, ಒಂದು ಹುಟ್ಟಿನಿಂದ ಬಂದದ್ದು, ಇನ್ನೊಂದು ಕಲಿತು ಬಂದದ್ದು. ಹುಟ್ಟಿನದು ಎಷ್ಟೇ ಚೆಂದಿದ್ದರೂ ಅದು ಅವನ ಜೋಡಿಯೇ ಹೋಗ್ತದ. ಕಲಿತದ್ದನ್ನ ಮುಂದಿನವರಿಗೆ ಕೊಡಬಹುದು. ಅದಕ್ಕ ಕಲಿತದ್ದೇ ಮೇಲು.

ನಾ ಈ ಮಾತಿನ ಮ್ಯಾಲ ಎರಡು ದಿನ ಹೊಲದಾಗ ಕಳೆ ತೆಗಿಯೂತ ಜಗಳಾಡಿದೆ. ಅರ್ಧ ಒಪ್ಪತೀನಿ. ಭಜನಿ ಮ್ಯಾಳದಾಗ ದೇವರು ಕೊಟ್ಟ ಕಂಠ ಅಂತ ಒಬ್ಬ ಬರ್ತಾನ, ಎಲ್ಲರೂ ಅವನ ಹಿಂದ ಓಡ್ತಾರ, ಅವ ತಾಳ ಬಿಟ್ಟರೂ ವಾಹ್ ಅಂತಾರ. ಹತ್ತು ವರ್ಷ ಹಿಂಬದಿ ಕುಂತು ತಾಳ ಹಿಡಿದವ ಮ್ಯಾಳ ಉಳಿಸ್ತಾನ. ಇದು ನಾ ಕಣ್ಣಿಲೆ ಕಂಡದ್ದು. ಆದ್ರ ಅರ್ಧ ಒಪ್ಪೂದಿಲ್ಲ. ಬರೇ ತೀಡಿದ್ದನ್ನೇ ತೀಡಿದರ ಏನಾಗ್ತದ ಅಂತ ಅದೇ ಪುಸ್ತಕ ತೋರಸ್ತದ. ಹಿಂದಿನ ಪುಟದಾಗ ಕಾನೊ ಮನಿಯ ಹುಲಿ, ಪೈನ್ ಗಿಡ, ಬಂಗಾರದ ಮೋಡ ಮೈ ಜುಮ್ ಅನಸ್ತಾವ. ಮುಂದ ಮುಂದ ಹೋದಂಗ ಅದೇ ಗಿಡ ಅದೇ ಕೊಂಬಿಗೆ ಅದೇ ತಿರುವು ತಗೋತದ. ಕಿನ್ನಾಳದ ಆರು ಗರುಡ ನೆನಪಾದವು.

ಪುಸ್ತಕದಾಗ ನನಗ ಎಲ್ಲಕ್ಕಿಂತ ಸೇರಿದ ಚಿತ್ರ ಮಾತ್ರ ಆ ಮನಿಯಿಂದ ಹೊರಗ ಬಿದ್ದವಂದು. ಕುಸುಮಿ ಮೊರಿಕಾಗೆ, 17ನೇ ಶತಮಾನದವ. ಕಾನೊ ಮನಿಯಾಗ ಕಲಿತ, ಹಿರ್ಯಾನ ತಂಗಿ-ಅಣ್ಣನ ಪೈಕಿ ಹುಡುಗಿನ್ನೇ ಲಗ್ನ ಆದ, ಕಡೀಕ ಆ ಮನಿ ಬಿಟ್ಟ. ಹೊರಗ ಹಾಕಿದರು ಅಂತನೂ ಹೇಳ್ತಾರ. ಅವನ ಒಂದು ಪರದಿ ಚಿತ್ರ ಅದ, ಟೋಕಿಯೋದ ಮ್ಯೂಸಿಯಮ್ಮಿನಾಗ ಇಟ್ಟಾರ. ಬ್ಯಾಸಿಗಿ ರಾತ್ರಿ. ಒಂದು ಬಡ ಒಕ್ಕಲಿಗನ ಗುಡಿಸಲ, ಮುಂದ ಸೋರಿ ಬಳ್ಳಿ ಚಪ್ಪರ. ಚಪ್ಪರದ ಕೆಳಗ ಚಾಪಿ. ಗಂಡ ಗದ್ದಕ್ಕ ಕೈ ಕೊಟ್ಟು ಬೋರಲ ಬಿದ್ದಾನ, ಹಿಂದ ಹೆಂಡತಿ, ಬಾಜೂಕ ಸಣ್ಣ ಕೂಸು. ಮ್ಯಾಲ ಚಂದ್ರ. ಮೂವರೂ ಒಂದೇ ದಿಕ್ಕಿಗೆ ನೋಡ್ಯಾರ, ಆದ್ರ ಏನು ನೋಡ್ಯಾರ ಅನ್ನೋದು ಚಿತ್ರದಾಗ ಇಲ್ಲ.

ಬಂಗಾರ ಇಲ್ಲ, ಹುಲಿ ಇಲ್ಲ, ಬಣ್ಣ ಸುದ್ದಾ ಕಡಿಮಿ. ಆ ಗಂಡಸಿನ ಬೆನ್ನು ನಾ ಬಲ್ಲೆ. ಎಡಿ ಹೊಡೆದು ಬಂದ ದಿನ ಉಂಡು ಅಂಗಳದಾಗ ಬಿದ್ದುಕೊಂಡರ ನನ್ನ ಬೆನ್ನೂ ಹಂಗೇ ಇರ್ತದ. ಸೋರಿ ಚಪ್ಪರನೂ ನಮ್ಮದೇ, ಅದರ ಕಾಯಿ ಒಣಗಿಸಿಯೇ ನಮ್ಮ ಏಕತಾರಿ ಆಗೂದು. ಈ ಕೈಗೆ ಕಾನೊ ಮನಿಯ ಗೆರಿ ಪೂರಾ ಬಂದದ, ಬಳ್ಳಿ ನೋಡಿದರ ತಿಳೀತದ ಅಂದರು ಮಾಸ್ತರು. ಆದ್ರ ಆ ಗೆರಿಯಾಗ ಅರಮನಿ ಗ್ವಾಡಿ ಬಿಟ್ಟು ಒಕ್ಕಲಿಗನ್ನ ಬರೆದ. ಮನಿಯಾಗ ಕೂತ ಮಕ್ಕಳಿಗೆ ಅದು ಯಾಕ ಹೊಳೀಲಿಲ್ಲ ಅಂದ್ರ ಅವರ ಹೊಟ್ಟಿ ಅರಮನಿ ಗ್ವಾಡಿ ಮ್ಯಾಲ ನಿಂತಿತ್ತು.

ಇವಗ ಒಬ್ಬ ಮಗಳು, ಕಿಯೊಹಾರಾ ಯುಕಿನೊಬು (1643–1682). ಆಕೀನೂ ಚಿತ್ರಗಾರ್ತಿ, ತನ್ನ ಚಿತ್ರದ ಮ್ಯಾಲ ತಾ ಕಿಯೊಹಾರಾ ಮನಿ ಹೆಣ್ಣುಮಗಳು ಅಂತ ಸೇರಿಸಿ ಸಹಿ ಹಾಕ್ತಿದ್ದಳು. ಆ ಮನೆತನದ ನೂರಾರು ಗಂಡಸರ ಹೆಸರಿನ ನಡುವ ಈ ಒಂದು ಸಹಿ ನೋಡಿದಾಗ ನನಗ ಕಿನ್ನಾಳದಾಗ ಅಂಟು ಮುಟ್ಟಿ ನೋಡಿದಾಕೆ ನೆನಪಾದಳು. ಆಕೀ ಬೆರಳು ಇಲ್ಲದಿದ್ರ ಅಜ್ಜನ ಕಣ್ಣಿಗೆ ನೆಲಾನೇ ಇಲ್ಲ.

ಇಷ್ಟೆಲ್ಲಾ ಮಂದಿ ಮನಿ ಮಾತು ಆಡಿದ ಮ್ಯಾಲ ನನ್ನ ಮನೀದೂ ಹೇಳಬೇಕು, ಇಲ್ಲಾಂದ್ರ ಅನ್ಯಾಯ ಆಗ್ತದ.

ನನಗ ಪದ ಕಲಿಸಿದ ಗುರುಗಳು ಸಾಸ್ತೂರ ಕಡಿಯವರು. ನಾ ಮರಾಠಿ ಸಾಲಿಯಾಗ ಏಳನೇ ಇಯತ್ತೆ ಓದಿದವ. ಕನ್ನಡ ಅಕ್ಷರ ಅವರೇ ಮಠದ ಕಟ್ಟಿ ಮ್ಯಾಲ ಉಸುಕು ಹಾಸಿ ಬೆರಳು ಹಿಡಿದು ತಿದ್ದಿಸಿದರು. ಅವರ ಹಂತೇಲಿ ತತ್ವಪದದ ದಪ್ಪ ವಹಿ ಇತ್ತು, ಅವರ ಅಜ್ಜನ ಕೈಬರಹ. ಮುಟ್ಟಾಕ ಕೊಡ್ತಿದ್ದಿಲ್ಲ. "ಅದು ಮಗನಿಗೆ, ನಿನಗ ಕಿವಿ ಅದ" ಅಂತಿದ್ದರು. ಆವಾಗ ನನಗ ಸಿಟ್ಟು ಬರ್ತಿತ್ತು. 1993ರ ಸೆಪ್ಟೆಂಬರ 30, ಗಣಪತಿ ಕಳಿಸಿ ಮಲಗಿದ ರಾತ್ರಿ, ನಸುಕಿನಾಗ ಭೂಕಂಪ ಆತು. ಕಿಲ್ಲಾರಿ, ಸಾಸ್ತೂರ ಭಾಗದ ಕಲ್ಲು-ಮಣ್ಣಿನ ದಪ್ಪ ಗ್ವಾಡಿ ಮಲಗಿದವರ ಮ್ಯಾಲ ಕೂತವು. ಗುರುಗಳು ಹೋದರು, ವಹಿ ಹೋತು. ಮಗ ಉಳಿದ. ಮಣ್ಣಾಗಿಂದ ಏಕತಾರಿ ಮಾತ್ರ ಸಿಕ್ತು, ಬುರುಡಿ ಒಡೆದಿತ್ತು. ಅದನ್ನ ಅವ ಸೊಲ್ಲಾಪುರಕ್ಕ ಒಯ್ದು ಗ್ವಾಡಿಗೆ ತೂಗು ಹಾಕ್ಯಾನ, ಅಪ್ಪನ ಫೋಟೋ ಬಾಜೂಕ. ಅವ ಹಾಡೂದಿಲ್ಲ, ಹಾಡಬೇಕು ಅಂತನೂ ಇಲ್ಲ. ಭೂಕಂಪ ಆದ ಮುಂದಿನ ಚಳಿಗಾಲದಾಗ, ತಗಡಿನ ಶೆಡ್ಡಿನಾಗ, ನನಗ ನೆನಪಿದ್ದ ಪದ ಎಲ್ಲಾ ಒಂದು ವಹಿಯಾಗ ಬರೆದೆ. ಎಷ್ಟು ನುಡಿ ಬಿಟ್ಟಾವ ಅಂತ ಈಗ ಹೇಳವರು ಯಾರೂ ಉಳಿದಿಲ್ಲ.

ನನ್ನ ಮಗ ಪುಣೇದಾಗ ಕಂಪನಿ ಕೆಲಸದಾಗ ಇದ್ದಾನ. ಒಳ್ಳೆ ಹುಡುಗ. ಕನ್ನಡ ಮಾತಾಡ್ತಾನ, ಅಕ್ಷರ ಬರೂದಿಲ್ಲ. ವಹಿ ಅವನ ಕೈಯಾಗ ಕೊಟ್ಟರ ಪೂಜಿ ಮಾಡ್ಯಾನು. ಮಗಳನ್ನ ನಿಲಂಗಾ ಕಡೆ ಕೊಟ್ಟದ. ಆಕೀ ಸಣ್ಣಾಕಿದ್ದಾಗ ಮ್ಯಾಳದ ಹಿಂದ, ಬಾಗಿಲ ಮರೀಗೆ ಕೂಡತಿದ್ದಳು. ನಾ ಕಲಿಸಿಲ್ಲ. ಕಲಿಸಬೇಕು ಅಂತ ಹೊಳೀಲೂ ಇಲ್ಲ, ಇದು ನನ್ನ ತಪ್ಪು. ಹೋದ ವರ್ಷ ಆಕೀ ಚೀಲದಾಗ ಒಂದು ವಹಿ ಕಂಡೆ. ನಮ್ಮ ಪದ ಎಲ್ಲಾ ಅದಾವ, ಬಾಳಬೋಧ ಅಕ್ಷರದಾಗ.

ನನಗ ಮೊದಲು ಕೆಟ್ಟ ಅನಿಸಿತು. ಕಲಿಸೋ ಗುರುಗಳು ಇದನ್ನ ಓದತೀರಿ ಅದಕ್ಕ ಹೇಳ್ತೀನಿ, ಬಾಳಬೋಧದಾಗ ನಮ್ಮ ಎ-ಏ ಎರಡಕ್ಕೂ ಒಂದೇ ಅಕ್ಷರ, ಒ-ಓ ಎರಡಕ್ಕೂ ಒಂದೇ. ಎರಿ ಹೊಲನೂ ಹೊಲದ ಏರಿನೂ ಒಂದೇ ತರಾ ಬರೀಬೇಕು. ಪದದಾಗಿನ ಕೊಳ ಓದವನ ಬಾಯಾಗ ಕೋಳ ಆಗ್ತದ, ನೀರು ಹೋಗಿ ಬೇಡಿ ಬಿತ್ತು. "ಹಿಂಗ ಬರದ್ರ ಹ್ಯಾಂಗ?" ಅಂತ ಕೇಳಿದೆ. "ನನಗ ಕಿವಿ ಅದಲ್ಲಪ್ಪ" ಅಂದಳು. ಗುರುಗಳ ಮಾತು ಆಕೀ ಹ್ಯಾಂಗ ಅಂದಳೋ, ನಾ ಎಂದೂ ಹೇಳಿದ್ದಿಲ್ಲ.

ಆಕೀಗೆ ಕಿವಿ ಅದ, ಖರೇ. ಆಕೀ ಮಗಳಿಗೆ? ಯಸುನೊಬು ಇದನ್ನೇ ಅಂದಿದ್ದ ಅನ್ನಿಸ್ತದ, ನಾ ಅರ್ಧ ಬಿಟ್ಟಿದ್ದು ಅದನ್ನೇ. ಅದಕ್ಕ ಈಗ ಊರಿಗೆ ಬಂದಾಗೊಮ್ಮೆ ಕೂಸಿಗೆ ಅಂಗಳದಾಗ ಉಸುಕು ಹಾಸ್ತೀನಿ. ಎ ಮತ್ತು ಏ ಬ್ಯಾರೆ ಬ್ಯಾರೆ ತಿದ್ದತಾಳ. ಒ ಇನ್ನಾ ಬಂದಿಲ್ಲ.

ಹೋದ ಪಂಚಮಿಗೆ ಮಗಳು ತವರಿಗೆ ಬಂದಾಗ ಮಠದಾಗ ಭಜನಿ ಇತ್ತು. ಮುಂದ ಹಾಡೋ ಜಾಗಾಕ್ಕ ಆಕೀನ್ನ ಕರೆದೆ. ಇಬ್ಬರು ಹಿರ್ಯಾರು ಎದ್ದು ಹೋದರು, ಒಬ್ಬರು ಚಾ ಕುಡಿದು ತಿರುಗಿ ಬಂದರು. ಆಕೀ ಎತ್ತಿದ ಪದ ನಾ ನಲವತ್ತು ವರ್ಷದಿಂದ ಹಾಡಿದ್ದು. ಎರಡನೇ ನುಡಿಯಾಗ ಧಾಟಿ ನಾ ಕೆಳಗ ಇಳಿಸೋ ಕಡೆ ಆಕೀ ಅಲ್ಲೇ ಮ್ಯಾಲ ನಿಂತಳು, ಒಂದು ಉಸಿರಿನಷ್ಟು. ತಪ್ಪು ಅಂತ ಅನ್ನಾಕ ನನ್ನ ಬಾಯಿ ತೆರೆದಿತ್ತು. ಅಷ್ಟರಾಗ ಆಕೀ ಇಳಿದಿದ್ದಳು. ನಾ ತಾಳ ಬಿಟ್ಟಿದ್ದೆ, ಬಾಜೂಕಿನವ ಮೊಣಕೈಲೆ ತಿವಿದ ಮ್ಯಾಲ ಹಿಡಿದೆ.